ಯಜಮಾನಿಕೆಯೂ ಊರಿನ ಆರೋಗ್ಯವೂ

ಒಂದೇ ಬೀದಿಯಲ್ಲಿ ಎರಡು ಮನೆಗಳಿವೆಯೆಂದು ವಾಚಕರು ಭಾವಿಸಿಕೊಳ್ಳಬೇಕು. ಮೊದಲನೆಯ ಮನೆಯ ಯಜಮಾನರು ಬಹು ಉಗ್ರಸ್ವಭಾವದವರು. ಅವರ ಮೆಟ್ಟಿನ ಸಪ್ಪಳ ಜಗುಲಿಯ ಮೇಲೆ ಕೇಳಿಸಿತೆಂದರೆ ಒಳಗಿನ ಮಾತು ನಿಂತುಹೋಗುತ್ತದೆ. ಮಗುವಿಗೆ ಮೈ ಕಾದರೆ, ಮಳೆಯಲ್ಲಿ ನೆನೆದುದಕ್ಕಾಗಿ ಏಟು ಬಿದ್ದೀತೆಂದು ಅಂಜಿ ಅದು ಕಂಬಳಿ ಹೊದೆದು ಮೂಲೆ ಸೇರುತ್ತದೆ. ತಾಯಿಯೂ "ಏನಿಲ್ಲ, ಆಟವಾಡಿ ದಣಿದು ಮಲಗಿದೆ" ಎನ್ನುತ್ತಾಳೆ. ಯಜಮಾನರಿಗೆ ಸಂಗತಿ ತಿಳಿಯುವುದು ಮೂರನೆಯ ದಿನ, ಜ್ವರ ತಲೆಗೇರಿದ ಮೇಲೆ. ಎರಡನೆಯ ಮನೆಯ ಯಜಮಾನರೂ ಶಿಸ್ತಿನಲ್ಲಿ ಸಡಿಲವಾದವರಲ್ಲ. ಆದರೆ ಆ ಮನೆಯ ಮಕ್ಕಳು ಕೊಡ ಒಡೆದರೂ, ಕಾಲು ಉಳುಕಿದರೂ, ಮೈ ಬಿಸಿಯಾದರೂ ಮೊದಲು ಓಡಿಬರುವುದು ಅವರ ಬಳಿಗೇ. ವೈದ್ಯರಿಗೆ ಅಂದೇ ಕರೆ ಹೋಗುತ್ತದೆ. ಎರಡು ಮನೆಗಳಲ್ಲಿಯೂ ಮಕ್ಕಳ ಮೇಲಿನ ವಾತ್ಸಲ್ಯ ಒಂದೇ, ಹಣಕಾಸಿನ ಅನುಕೂಲವೂ ಒಂದೇ. ಹಾಗಿದ್ದರೂ ಒಂದರಲ್ಲಿ ರೋಗವು ಬೇರೂರುತ್ತದೆ, ಮತ್ತೊಂದರಲ್ಲಿ ಅದನ್ನು ಮೊಳಕೆಯಲ್ಲಿಯೇ ಚಿವುಟಿ ಹಾಕುವುದು ಸಾಧ್ಯವಾಗುತ್ತದೆ. ಕೆಟ್ಟ ಸುದ್ದಿಯು ಯಜಮಾನನ ಕಿವಿಯನ್ನು ಎಷ್ಟು ಬೇಗ ಮುಟ್ಟುತ್ತದೆಂಬುದೇ ಈ ವ್ಯತ್ಯಾಸಕ್ಕೆ ಕಾರಣ.

ಮನೆಗೆ ಹೇಳಿದ ಈ ಮಾತು ಊರಿಗೂ ನಾಡಿಗೂ ಅಷ್ಟೇ ಸಲ್ಲುವುದೆಂದು ತೋರಿಸುವುದು ಈ ಲೇಖನದ ಉದ್ದೇಶ. ಸಾರ್ವಜನಿಕ ಆರೋಗ್ಯದ ಕೆಲಸ ಕೆಟ್ಟಾಗ ನಾವು ಸಾಮಾನ್ಯವಾಗಿ ಹಣ ಸಾಲದು, ಔಷಧ ಸಾಲದು, ಡಾಕ್ಟರು ಸಾಲರು ಎನ್ನುತ್ತೇವೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅಷ್ಟೇ ಹಣ, ಅಷ್ಟೇ ಔಷಧ, ಅಷ್ಟೇ ಜನ ಇದ್ದಾಗಲೂ ಮೇಲೆ ಕುಳಿತವರ ನಡತೆಯೊಂದು ಬದಲಾದುದರಿಂದ ಕೆಲಸವು ಕೆಟ್ಟುದಕ್ಕೂ ಸುಧಾರಿಸಿದುದಕ್ಕೂ ನಮ್ಮ ದೇಶದ ಚರಿತ್ರೆಯಲ್ಲಿಯೇ ಬೇಕಾದಷ್ಟು ನಿದರ್ಶನಗಳುಂಟು.

ಮೊದಲು ಈ ಕೆಲಸದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ನಮ್ಮ ಹಳ್ಳಿಗಾಡಿನಲ್ಲಿ ಬಯಲುಸೀಮೆಗೆ ಸುಮಾರು 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಲೆಕ್ಕ; ಗುಡ್ಡಗಾಡಿಗೆ ಇದು 3,000 ಮತ್ತು 20,000. ಉಪಕೇಂದ್ರದಲ್ಲಿ ಇರುವವಳು ಆರೋಗ್ಯ ಸಹಾಯಕಿ. ಜನರ ಬಾಯಲ್ಲಿ ನರ್ಸಮ್ಮ. ಎಷ್ಟು ಬಸುರಿಯರು, ಎಷ್ಟು ಕೂಸುಗಳು, ಯಾವ ಮನೆಯಲ್ಲಿ ಜ್ವರ, ಯಾವ ಬಾವಿಯ ನೀರು ಕೆಟ್ಟಿದೆ ಎಂಬುದನ್ನೆಲ್ಲ ಆಕೆ ಪುಸ್ತಕದಲ್ಲಿ ಬರೆಯುತ್ತಾಳೆ. ಆ ಬರಹವು ಮೇಲಿನ ಕಚೇರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ ಹೋಗುತ್ತದೆ. ರಾಜಧಾನಿಯ ಅಧಿಕಾರಿಯು ಎಂದೂ ಆ ಹಳ್ಳಿಯನ್ನು ಕಂಡವನಲ್ಲ. ಆ ಹೆಂಗಸು ಬರೆದ ಅಂಕಿಯೇ ಅವನ ಕಣ್ಣು. ಕಣ್ಣಿಗೆ ಪೊರೆ ಬಂದರೆ ಕೈಕಾಲುಗಳು ಎಷ್ಟು ಗಟ್ಟಿಯಾಗಿದ್ದರೇನು?

ಒಂದು ಸಣ್ಣ ಸಂಗತಿಯನ್ನು ಊಹಿಸಿಕೊಳ್ಳೋಣ. ಕೂಸುಗಳಿಗೆ ಹಾಕುವ ಲಸಿಕೆಯನ್ನು ತಂಪಾಗಿ ಇಡಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದನ್ನು ಒಯ್ಯುತ್ತಿದ್ದ ಸಹಾಯಕಿಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಬಿಸಿಲಿಗೆ ಮಂಜೆಲ್ಲ ಕರಗಿ, ಮದ್ದು ಕೆಟ್ಟುಹೋಯಿತು. ಆಕೆ ನಿಜವನ್ನು ಬರೆದಳು. ಮೇಲಿನವರು ಕಾರಣವನ್ನು ಕೇಳದೆ ಅವಳ ಸಂಬಳದಲ್ಲಿ ಹಿಡಿದುಕೊಂಡರು. ಇನ್ನೊಮ್ಮೆ ಹಾಗಾದಾಗ ಆಕೆ ಏನು ಮಾಡಿಯಾಳು? ಕೆಟ್ಟ ಮದ್ದನ್ನೇ ಹಾಕಿಯಾಳು. ಅಥವಾ ಚೆಲ್ಲಿ, ಹಾಕಿದೆನೆಂದು ಬರೆದಾಳು. ಪುಸ್ತಕದಲ್ಲಿ ಎಲ್ಲವೂ ಸರಿಯಾಗಿರುತ್ತದೆ. ತೊಟ್ಟಿಲಲ್ಲಿರುವ ಕೂಸಿಗೆ ಮಾತ್ರ ರಕ್ಷೆಯಿಲ್ಲ. ಮೇಲಿನವನ ಸಿಟ್ಟು ಕೆಳಗಿನ ಕೂಸನ್ನು ಮುಟ್ಟುವ ಬಗೆ ಇದು. ಇನ್ನು ಊಹೆಯನ್ನು ಬಿಟ್ಟು ನಡೆದ ಸಂಗತಿಗಳಿಗೆ ಬರೋಣ.

1896ನೆಯ ಇಸವಿಯಲ್ಲಿ ಮುಂಬಯಿಗೆ ಪ್ಲೇಗು ಬಂದು, ಕೆಲವೇ ತಿಂಗಳುಗಳಲ್ಲಿ ಪುಣೆಯನ್ನು ಹೊಕ್ಕಿತು. 1897ರ ಫೆಬ್ರವರಿಯಲ್ಲಿ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿ ಅಧಿಕಾರಿಗಳಿಗೆ ಅಪರಿಮಿತವಾದ ಅಧಿಕಾರವನ್ನು ಕೊಟ್ಟಿತು. ಪುಣೆಯ ಪ್ಲೇಗು ಸಮಿತಿಗೆ ಮುಖ್ಯಸ್ಥರಾಗಿ ಬಂದವರು ರಾಂಡ್ ಎಂಬ ಸಿವಿಲ್ ಅಧಿಕಾರಿ. ಅವರು ಸೋಮಾರಿಯಲ್ಲ; ಬಹಳ ಶ್ರಮಪಟ್ಟು ದುಡಿದವರೇ. ಆದರೆ ಅವರು ನೆಚ್ಚಿದುದು ಸೈನ್ಯವನ್ನು. ಗೋರಾ ಸಿಪಾಯಿಗಳು ಮನೆಮನೆಗೆ ನುಗ್ಗಿ, ಅಡುಗೆಯ ಮನೆ ದೇವರ ಮನೆಗಳನ್ನು ಲೆಕ್ಕಿಸದೆ ಹುಡುಕಿದರು. ರೋಗಿಗಳನ್ನು ಆಸ್ಪತ್ರೆಗೂ ಅವರ ಮನೆಯವರನ್ನು ಪ್ರತ್ಯೇಕ ಶಿಬಿರಗಳಿಗೂ ಎಳೆದೊಯ್ದರು. ಸಾಮಾನುಗಳನ್ನು ಸುಟ್ಟರು. ಹೆಂಗಸರ ಮಾನಕ್ಕೆ ಕುಂದು ಬಂದಿತೆಂದು ಊರೆಲ್ಲ ಕುದಿಯಿತು.

ಫಲವೇನಾಯಿತು? ಆಸ್ಪತ್ರೆಯೆಂದರೆ ಜನರಿಗೆ ಪ್ಲೇಗಿಗಿಂತ ಹೆಚ್ಚಿನ ಭಯವಾಯಿತು. ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನೂ ಬಚ್ಚಿಟ್ಟರು. ಊರು ಬಿಟ್ಟು ಓಡಿದವರ ಜೊತೆಯಲ್ಲಿ ರೋಗವೂ ಪ್ರಯಾಣ ಮಾಡಿತು. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ಆಳಿಕೆಯ ವಜ್ರಮಹೋತ್ಸವದಿಂದ ಹಿಂದಿರುಗುತ್ತಿದ್ದ ರಾಂಡರು ಚಾಪೇಕರ್ ಸೋದರರ ಗುಂಡಿಗೆ ಗುರಿಯಾದರು. ಬೇಸಿಗೆಯಲ್ಲಿ ಇಳಿದಂತಿದ್ದ ಪ್ಲೇಗು ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಮತ್ತೆ ಪುಣೆಯಲ್ಲಿ ತಲೆಯೆತ್ತಿತು. ಬಲಾತ್ಕಾರದಿಂದ ಮನೆಯ ಬಾಗಿಲನ್ನು ತೆರೆಯಬಹುದು. ಬಾಯನ್ನು ತೆರೆಯಿಸುವುದು ಸಾಧ್ಯವಿಲ್ಲ.

ಅದೇ ಪುಣೆಯಲ್ಲಿ, ಅದೇ ವರ್ಷದಲ್ಲಿ, ಇನ್ನೊಂದು ಬಗೆಯ ಮುಂದಾಳುತನವೂ ಇತ್ತು. ಹೆಣ್ಣುಮಕ್ಕಳ ವಿದ್ಯೆಗಾಗಿ ಬಾಳನ್ನು ಸವೆಸಿದ ಸಾವಿತ್ರೀಬಾಯಿ ಫುಲೆಯವರು ಆಗ ಮುದುಕಿ. ಅವರ ಮಗ ಯಶವಂತರಾಯರು ಡಾಕ್ಟರರು. ಊರ ಹೊರಗೆ ತಾಯಿಮಕ್ಕಳು ಪ್ಲೇಗಿನವರಿಗಾಗಿ ಆಸ್ಪತ್ರೆಯನ್ನು ತೆರೆದರು. ರೋಗಿಯಾದ ಹುಡುಗನೊಬ್ಬನನ್ನು ಆ ತಾಯಿ ತಾವೇ ಹೊತ್ತು ತಂದರೆಂದು ಹೇಳುವರು. ಆ ಸೇವೆಯಲ್ಲಿಯೇ ಪ್ಲೇಗು ತಗುಲಿ ಅವರು 1897ರ ಮಾರ್ಚ್ 10ರಂದು ತೀರಿಕೊಂಡರು. ಅವರ ಕೈಯಲ್ಲಿ ಕಾಯಿದೆಯಿರಲಿಲ್ಲ, ಸಿಪಾಯಿಯಿರಲಿಲ್ಲ. ಆದರೂ ಅಂಥವರ ಬಾಗಿಲಿಗೆ ರೋಗಿಗಳು ಬಂದರು.

ಮುಂಬಯಿಯಲ್ಲಿ ಡಾಕ್ಟರ್ ಹಾಫ್‌ಕಿನ್ನರು ಪ್ಲೇಗಿನ ಚುಚ್ಚುಮದ್ದನ್ನು ಸಿದ್ಧಪಡಿಸಿದಾಗ, ಅದನ್ನು ಮೊದಲು ಪರರ ಮೇಲೆ ಪ್ರಯೋಗಿಸಲಿಲ್ಲ. 1897ರ ಜನವರಿ 10ರಂದು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವಾಯಿತು, ಸಹಿಸಿಕೊಂಡರು. ಅನಂತರವೇ ಬೇರೆಯವರನ್ನು ಕೇಳಿದರು. ಖೋಜಾ ಜನರ ಗುರುಗಳಾಗಿದ್ದ ಆಗಾ ಖಾನರು ಆಗ ಇಪ್ಪತ್ತರ ಹರೆಯದ ತರುಣರು. ಅವರು ತಮ್ಮವರಿಗೆ ಉಪದೇಶ ಮಾಡುತ್ತ ಕೂರದೆ, ಎಲ್ಲರ ಎದುರಿಗೆ ತಾವು ಚುಚ್ಚಿಸಿಕೊಂಡರು. ಅದನ್ನು ಕಂಡು ಅವರ ಅನುಯಾಯಿಗಳು ಸಾವಿರಗಟ್ಟಲೆಯಾಗಿ ಮುಂದೆ ಬಂದರು. ಮಾರನೆಯ ವರ್ಷ ಪ್ಲೇಗು ನಮ್ಮ ಹುಬ್ಬಳ್ಳಿಗೆ ಬಂದಾಗ, ಸುಮಾರು 50,000 ಜನರಿದ್ದ ಆ ಊರಿನಲ್ಲಿ 38,000ಕ್ಕೂ ಹೆಚ್ಚು ಮಂದಿ ಈ ಮದ್ದನ್ನು ಹಾಕಿಸಿಕೊಂಡರು. ಅಲ್ಲಿ ನಿರ್ಬಂಧಗಳೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬಂದೂಕಿಗೆ ಬದಲಾಗಿ ಸೂಜಿಯನ್ನು ಹಿಡಿದ ಡಾಕ್ಟರರನ್ನು ಮುಂದೆ ಬಿಟ್ಟಲ್ಲಿ ಎಷ್ಟು ಕೆಲಸವಾದೀತೆಂಬುದಕ್ಕೆ ಅದೊಂದು ಸಾಕ್ಷಿ.

ಇದು ಪರದೇಶೀಯರ ಆಳಿಕೆಯ ಕಾಲದ ಮಾತು. ಸ್ವರಾಜ್ಯ ಬಂದಮೇಲೆ ಹೀಗೆ ನಡೆಯಲಾರದೆಂದು ಕೆಲವರು ಹೇಳಬಹುದು. ಆದುದರಿಂದ ಸ್ವತಂತ್ರ ಭಾರತದಲ್ಲಿ ಸಿಡುಬನ್ನು ಓಡಿಸಿದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಯಜಮಾನಿಕೆಯ ರೀತಿ ಬದಲಾದ ಮಾತ್ರಕ್ಕೆ ಅದೇ ಇಲಾಖೆ, ಅದೇ ಸಿಬ್ಬಂದಿ, ಅದೇ ಮದ್ದು ಬೇರೆಯ ಫಲವನ್ನು ಕೊಟ್ಟುದನ್ನು ಇಲ್ಲಿ ಕಾಣಬಹುದು.

ಸಿಡುಬಿಗೆ ದೇವಿ ಹಾಕುವ ಪದ್ಧತಿ ನಮ್ಮಲ್ಲಿ ಹಳೆಯದು. 1962ರಲ್ಲಿ ಭಾರತ ಸರ್ಕಾರವು ಈ ಬೇನೆಯನ್ನು ಬುಡಸಹಿತ ಕೀಳಬೇಕೆಂದು ಸಂಕಲ್ಪ ಮಾಡಿ, ಜನರಲ್ಲಿ ಬಹುಪಾಲು ಮಂದಿಗೆ ದೇವಿ ಹಾಕುವ ಯೋಜನೆಯನ್ನು ತೊಡಗಿತು. ಅಧಿಕಾರಿಗಳು ಕೆಳಗಿನವರನ್ನು ಕೇಳಿದ ಪ್ರಶ್ನೆ ಒಂದೇ: "ಈ ತಿಂಗಳು ಎಷ್ಟು ಮಂದಿಗೆ ಹಾಕಿದಿರಿ?" ಪ್ರಶ್ನೆ ಹೇಗೋ ಉತ್ತರವೂ ಹಾಗೆ. ದೇವಿ ಹಾಕುವವನಿಗೆ ಸುಲಭವಾಗಿ ಸಿಕ್ಕುವವರು ಶಾಲೆಯ ಮಕ್ಕಳು. ಸಾಲಾಗಿ ನಿಲ್ಲಿಸಿದರೆ ಒಂದು ಗಂಟೆಯಲ್ಲಿ ನೂರು ಲೆಕ್ಕ. ಅದೇ ಮಕ್ಕಳಿಗೆ ಮತ್ತೆ ಮತ್ತೆ ದೇವಿ ಹಾಕಿದುದೂ ಉಂಟು. ಕೂಲಿಗಾಗಿ ಊರೂರು ಅಲೆಯುವವರು, ಊರ ಹೊರಗಿನ ಗುಡಿಸಲಿನವರು, ಇನ್ನೂ ಶಾಲೆ ಸೇರದ ಎಳೆಯರು ಉಳಿದೇಹೋದರು. ಲೆಕ್ಕದ ಪುಸ್ತಕದಲ್ಲಿ ಕೋಟಿಗಟ್ಟಲೆ ಅಂಕಿ ಬೆಳೆಯಿತು. ಸಿಡುಬು ತನ್ನ ಪಾಡಿಗೆ ತಾನಿತ್ತು.

ಇದಕ್ಕಿಂತ ಕೆಟ್ಟುದು ಇನ್ನೊಂದಿತ್ತು. ತನ್ನ ಮೇರೆಯಲ್ಲಿ ಸಿಡುಬು ಬಿದ್ದಿದೆಯೆಂದು ವರದಿ ಮಾಡಿದ ನೌಕರನಿಗೆ ಮೇಲಿನಿಂದ ಬರುತ್ತಿದ್ದುದು ಸಹಾಯವಲ್ಲ, ಛೀಮಾರಿ. ನಿನ್ನ ಊರಿನಲ್ಲಿ ಬೇನೆಯಿದ್ದರೆ ನೀನು ಕೆಲಸ ಮಾಡಿಲ್ಲವೆಂದೇ ಅರ್ಥವೆಂದು ಅಧಿಕಾರಿಗಳು ತರ್ಕಿಸಿದರು. ಆದಕಾರಣ ಸಿಡುಬು ಬೇರೆ ಹೆಸರುಗಳಲ್ಲಿ ಅಡಗಿಕೊಂಡಿತು, ಇಲ್ಲವೆ ಪುಸ್ತಕವನ್ನೇ ಸೇರಲಿಲ್ಲ. ಮೊದಲು ಹೇಳಿದ ಉಗ್ರ ಯಜಮಾನರ ಮನೆಯ ಮಗುವಿನ ಹಾಗೆ, ಇಡೀ ದೇಶವೇ ಕಂಬಳಿ ಹೊದೆದು ಮಲಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಈ ಕೆಲಸಕ್ಕೆ ಮುಖ್ಯಸ್ಥರಾಗಿದ್ದ ಡಾಕ್ಟರ್ ಹೆಂಡರ್ಸನ್ನರೂ ಅವರ ಸಂಗಡಿಗರೂ 1967ರಿಂದ ಪ್ರಶ್ನೆಯನ್ನೇ ತಿರುಗಿಸಿದರು. ಎಷ್ಟು ಮಂದಿಗೆ ದೇವಿ ಹಾಕಿದಿರಿ ಎಂಬುದಕ್ಕೆ ಬದಲಾಗಿ "ಸಿಡುಬು ಎಲ್ಲೆಲ್ಲಿದೆ?" ಎಂದು ಕೇಳತೊಡಗಿದರು. ಬೇನೆಯಿರುವ ಮನೆಯನ್ನು ಹುಡುಕಬೇಕು. ಆ ಮನೆಗೂ ಸುತ್ತಣ ಮನೆಗಳಿಗೂ ಒಡನೆಯೇ ದೇವಿ ಹಾಕಿ ಬೇನೆ ಹೊರಗೆ ಹೋಗದಂತೆ ಬೇಲಿ ಕಟ್ಟಬೇಕು. ಡಾಕ್ಟರ್ ವಿಲಿಯಂ ಫೇಗಿಯವರು ಆಫ್ರಿಕದ ನೈಜೀರಿಯದಲ್ಲಿ 1966ರ ಕೊನೆಯಲ್ಲಿ ಮದ್ದು ಸಾಲದೆ ಬಂದಾಗ ಕಂಡುಕೊಂಡ ಉಪಾಯವಿದು. ಭಾರತದಲ್ಲಿ 1973ರ ಶರತ್ಕಾಲದಿಂದ ಇದನ್ನು ಪೂರ್ಣಪ್ರಮಾಣದಲ್ಲಿ ಕೈಕೊಳ್ಳಲಾಯಿತು. ಲಕ್ಷಕ್ಕೂ ಮಿಕ್ಕ ಆರೋಗ್ಯ ನೌಕರರು ಸಿಡುಬೆದ್ದ ಮಗುವಿನ ಚಿತ್ರವಿರುವ ಚೀಟಿಯನ್ನು ಕೈಯಲ್ಲಿ ಹಿಡಿದು ಮನೆಮನೆಗೂ ಹೋಗಿ "ಇಂಥ ಬೇನೆ ಎಲ್ಲಿಯಾದರೂ ಕಂಡಿರಾ?" ಎಂದು ಕೇಳಿದರು.

ಮೊದಲ ಹುಡುಕಾಟದಲ್ಲಿಯೇ ಉತ್ತರ ಪ್ರದೇಶ ಬಿಹಾರಗಳಲ್ಲಿ ವರದಿಯಾಗದೆ ಅಡಗಿದ್ದ ಸಿಡುಬು ಸಾವಿರಗಟ್ಟಲೆಯಾಗಿ ಹೊರಬಿತ್ತು. ಇಲ್ಲಿ ಮೇಲಿನವರ ನಿಜವಾದ ಪರೀಕ್ಷೆ ಬಂತು. ಅಂಕಿ ಏರಿದುದನ್ನು ಕಂಡು ಕೆಳಗಿನವರನ್ನು ದಂಡಿಸಿದ್ದರೆ ಮುಂದಿನ ತಿಂಗಳು ಆ ಅಂಕಿ ತಾನಾಗಿ ಇಳಿಯುತ್ತಿತ್ತು, ಬೇನೆ ಇಳಿಯುತ್ತಿರಲಿಲ್ಲ. ಆದರೆ ಈ ಸಲ ಬೇನೆಯನ್ನು ಹುಡುಕಿ ತಂದವನಿಗೆ ಬಹುಮಾನವನ್ನು ಸಾರಿದರು. ಮೊದಲು 50 ರೂಪಾಯಿ, ಬಳಿಕ 100, ಕೊನೆಗೆ ಸಿಡುಬು ಅಪರೂಪವಾದಂತೆ 1,000 ರೂಪಾಯಿ. ಕೆಟ್ಟ ಸುದ್ದಿಗೆ ಬೆಲೆ ಬಂದ ದಿನವೇ ಸಿಡುಬಿನ ಆಯುಷ್ಯ ಮುಗಿಯಲಾರಂಭಿಸಿತು.

ಇದರ ಜೊತೆಗೆ ಇನ್ನೆರಡು ಕ್ರಮಗಳಿದ್ದುವು. ಒಂದು, ತಿಂಗಳ ಸಭೆ. ಊರೂರಿನಲ್ಲಿ ದುಡಿದ ಡಾಕ್ಟರರೂ ಮೇಲ್ವಿಚಾರಕರೂ ತಿಂಗಳಿಗೊಮ್ಮೆ ಒಂದೆಡೆ ಸೇರಿ, ಏನು ನಡೆಯಿತು, ಏನು ನಡೆಯಲಿಲ್ಲ, ಏತಕ್ಕೆ ನಡೆಯಲಿಲ್ಲ ಎಂಬುದನ್ನು ಬಿಚ್ಚಿ ಹೇಳುವರು. ಅಲ್ಲಿ ಕಂಡ ತೊಡಕಿಗೆ ಮುಂದಿನ ತಿಂಗಳಿನೊಳಗೆ ಪರಿಹಾರ ಒದಗಬೇಕು. ಬೇನೆಯ ಮನೆಯಿಂದ ಜನ ತಪ್ಪಿಸಿಕೊಂಡು ಹೋಗುವರೆಂದು ಗೊತ್ತಾದಾಗ, ಬಾಗಿಲಲ್ಲಿ ಹಗಲಿರುಳು ಕಾವಲುಗಾರರನ್ನು ಸಂಬಳ ಕೊಟ್ಟು ನಿಲ್ಲಿಸಿದರು. ಎರಡನೆಯದು, ಮರುಪರೀಕ್ಷೆ. ಹುಡುಕಿದೆವೆಂದು ಹೇಳಿದ ಹಳ್ಳಿಗಳಲ್ಲಿ ಕೆಲವಕ್ಕೆ ಬೇರೊಂದು ತಂಡ ಹೋಗಿ, ಶಾಲೆಯ ಮಕ್ಕಳನ್ನೂ ಸಂತೆಗೆ ಬಂದವರನ್ನೂ ಕೇಳಿ ನಿಜವನ್ನು ತಿಳಿಯುತ್ತಿತ್ತು. ನಂಬಿಕೆಯಿತ್ತು, ಆದರೆ ಕುರುಡು ನಂಬಿಕೆಯಲ್ಲ.

1974ರ ಬೇಸಿಗೆಯಲ್ಲಿ ಬಿಹಾರದಲ್ಲಿ ನಡೆದ ಇಂಥ ಒಂದು ಸಭೆಯ ವೃತ್ತಾಂತವನ್ನು ಫೇಗಿಯವರು ತಮ್ಮ ಗ್ರಂಥದಲ್ಲಿ ಹೇಳಿದ್ದಾರೆ. ಆಗ ಬೇನೆಯ ಅಂಕಿಗಳು ಆಕಾಶಕ್ಕೇರಿದ್ದುವು. ರಾಜ್ಯದ ಆರೋಗ್ಯ ಮಂತ್ರಿಗಳು ಸಭೆಗೆ ಬಂದು, ಈ ಹೊಸ ಉಪಾಯ ಸಾಕು, ಹಿಂದಿನಂತೆ ಎಲ್ಲರಿಗೂ ದೇವಿ ಹಾಕೋಣವೆಂದು ತೀರ್ಮಾನವನ್ನು ಹೇಳಿದರು. ಸಭೆಯ ಹಿಂದುಗಡೆಯಿಂದ ಭಾರತೀಯ ಡಾಕ್ಟರರೊಬ್ಬರು ಎದ್ದು ನಿಂತರು. ತಾನು ಹಳ್ಳಿಯವನೆಂದೂ, ತನ್ನ ಹಳ್ಳಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಉರಿಯುವ ಮನೆಗೆ ನೀರು ಹಾಕುವರೇ ಹೊರತು ಊರಿನ ಎಲ್ಲ ಮನೆಗಳಿಗೂ ಹಾಕುತ್ತ ಕೂರುವುದಿಲ್ಲವೆಂದೂ ಅವರು ಹೇಳಿದರು. ಮಂತ್ರಿಗಳು ಕೋಪಿಸಿಕೊಳ್ಳಲಿಲ್ಲ. ಆಲೋಚಿಸಿ, ಇನ್ನೊಂದು ತಿಂಗಳ ಅವಕಾಶವನ್ನು ಕೊಟ್ಟರು.

ಆ ಒಂದು ಕ್ಷಣದಲ್ಲಿ ಎಷ್ಟು ಜೀವಗಳು ತೂಗಾಡುತ್ತಿದ್ದುವೆಂಬುದನ್ನು ವಾಚಕರು ಯೋಚಿಸಬೇಕು. ಮಂತ್ರಿಯ ಮಾತಿಗೆ ಎದುರಾಡಿದ ನೌಕರನಿಗೆ ವರ್ಗದ ಆಜ್ಞೆ ಬರಬಹುದಾಗಿತ್ತು. ಅಥವಾ ಹಾಗೆ ಬಂದೀತೆಂಬ ಭಯದಿಂದ ಆತನು ಬಾಯಿ ಮುಚ್ಚಿ ಕುಳಿತಿರಬಹುದಾಗಿತ್ತು. ಆತನು ಎದ್ದು ಮಾತಾಡಿದನೆಂಬುದು ಎಷ್ಟು ದೊಡ್ಡದೋ, ಮೇಲಿನವರು ಕೇಳಿ ಮನಸ್ಸನ್ನು ತಿರುಗಿಸಿದರೆಂಬುದೂ ಅಷ್ಟೇ ದೊಡ್ಡದು. 1974ನೆಯ ಒಂದೇ ವರ್ಷದಲ್ಲಿ ಭಾರತದಲ್ಲಿ ದಾಖಲಾದ ಸಿಡುಬು 1 ಲಕ್ಷ 88 ಸಾವಿರ. 1975ರ ಮೇ ತಿಂಗಳ ಬಳಿಕ ಒಂದೂ ಇಲ್ಲ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯು ಲೋಕವೆಲ್ಲ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು.

ಸತ್ಯವನ್ನು ಹೇಳುವಾಗ ಅರ್ಧವನ್ನು ಮುಚ್ಚಿಡಬಾರದು. ಈ ಸಾಹಸದ ಕೊನೆಯ ಹಂತದಲ್ಲಿಯೂ ಕೆಲವೆಡೆಗಳಲ್ಲಿ ಬಾಗಿಲು ಒಡೆದು, ಹಿಡಿದುಕೊಂಡು ದೇವಿ ಹಾಕಿದುದುಂಟು. ಕೆಲಸ ಅವಸರದ್ದೆಂಬ ಸಮಾಧಾನವನ್ನು ಹೇಳಬಹುದಾದರೂ, ಹಾಗೆ ಹಿಡಿಸಿಕೊಂಡವರ ಮನಸ್ಸಿನಲ್ಲಿ ಉಳಿದ ಕಹಿಯನ್ನು ಅಳೆದವರಿಲ್ಲ. ಬಲಾತ್ಕಾರದ ಈ ರುಚಿ ಆಳುವವರ ನಾಲಿಗೆಗೆ ಹತ್ತಿದರೆ ಏನಾಗುವುದೆಂಬುದು ಸಿಡುಬು ಹೋದ ಮರುವರ್ಷವೇ ಕಾಣಿಸಿತು.

ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸಂತಾನನಿಯಂತ್ರಣದ ಶಸ್ತ್ರಚಿಕಿತ್ಸೆಗೆ ಜಿಲ್ಲೆಜಿಲ್ಲೆಗೂ ಗುರಿಯನ್ನು ಗೊತ್ತುಮಾಡಿದರು. ಗುರಿ ಮುಟ್ಟದ ನೌಕರರ ಸಂಬಳವನ್ನು ತಡೆದರು. ಶಾಲೆಯ ಉಪಾಧ್ಯಾಯರೂ ಆಳುಗಳನ್ನು ಹುಡುಕಿ ತರಬೇಕಾಯಿತು. ಆ ಒಂದು ವರ್ಷದಲ್ಲಿ 80 ಲಕ್ಷಕ್ಕೂ ಮೀರಿ ಶಸ್ತ್ರಚಿಕಿತ್ಸೆಗಳು ನಡೆದುವು. ಗೊತ್ತುಮಾಡಿದ ಗುರಿಗೆ ಹೆಚ್ಚುಕಡಿಮೆ ಇಮ್ಮಡಿ! ಅಂಕಿಯನ್ನು ಮಾತ್ರ ನೋಡುವವನಿಗೆ ಇದಕ್ಕಿಂತ ದೊಡ್ಡ ಗೆಲುವುಂಟೆ? ಆದರೆ ಅನಂತರ ವಿಚಾರಣೆ ನಡೆಸಿದ ಷಾ ಆಯೋಗವು ಇದರಿಂದ 1,774 ಸಾವುಗಳಾದುವೆಂದು ದಾಖಲೆ ಮಾಡಿತು. ಮದುವೆಯೇ ಆಗದವರೂ ಶಸ್ತ್ರಕ್ಕೆ ಸಿಕ್ಕಿದ್ದರು. ಮರುವರ್ಷ ಆ ಅಂಕಿ 10 ಲಕ್ಷಕ್ಕಿಂತ ಕೆಳಗೆ ಕುಸಿಯಿತು. ಸರ್ಕಾರವೇ ಬಿದ್ದುಹೋಯಿತು. ಇಲಾಖೆಯ "ಕುಟುಂಬ ಯೋಜನೆ" ಎಂಬ ಹೆಸರನ್ನು ಕೂಡ ಬದಲಾಯಿಸಿ "ಕುಟುಂಬ ಕಲ್ಯಾಣ" ಎಂದು ಮಾಡಬೇಕಾಯಿತು. ಹೆಸರು ಬದಲಾದರೂ ಗುರಿಗಳ ಹಾವಳಿ ಬಹುಕಾಲ ಉಳಿದು, 1996ರಲ್ಲಿಯೇ ದೇಶಾದ್ಯಂತ ಅವನ್ನು ಕೈಬಿಡುವ ನಿರ್ಧಾರವಾಯಿತು.

ಇದೇ ವಿಷಯದಲ್ಲಿ ನಮ್ಮ ಮೈಸೂರು ಸಂಸ್ಥಾನವು ತುಳಿದ ಹಾದಿಯನ್ನು ಇಲ್ಲಿ ನೆನೆಯುವುದು ಉಚಿತ. 1930ರ ಜೂನ್ 11ರಂದು ಮೈಸೂರು ಸರ್ಕಾರವು ತನ್ನ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹೆಯನ್ನು ಕೊಡುವ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿತು. ಲೋಕದಲ್ಲಿ ಸರ್ಕಾರವೊಂದು ತಾನಾಗಿ ನಡೆಸಿದ ಇಂಥ ಕೇಂದ್ರಗಳಲ್ಲಿ ಇವೇ ಮೊದಲಿನವೆಂದು ಎಣಿಸಲಾಗಿದೆ. ಬಂದು ಕೇಳಿದವರಿಗೆ ತಿಳಿಯಹೇಳುವುದೇ ಅಲ್ಲಿಯ ಕೆಲಸ. ಹಿಡಿದು ತರುವ ಮಾತೇ ಇರಲಿಲ್ಲ. ಆ ಹಾದಿ ನಿಧಾನವಾದುದು, ನಿಜ. ಆದರೆ ನಿಧಾನವಾಗಿ ಏರಿದ ಮೆಟ್ಟಲಿನಿಂದ ಉರುಳಿಬೀಳುವ ಭಯ ಕಡಿಮೆ.

ಹಾಗಾದರೆ ಶಿಸ್ತು ಬೇಡವೆ, ಮೃದುವಾದವರೆಲ್ಲ ಒಳ್ಳೆಯ ಯಜಮಾನರೆ ಎಂದು ಕೇಳಬಹುದು. ಹಾಗಲ್ಲ. ಹೊತ್ತಿಗೆ ಸರಿಯಾಗಿ ಬಾರದ ಡಾಕ್ಟರನನ್ನೂ ಔಷಧವನ್ನು ಕದ್ದು ಮಾರುವ ನೌಕರನನ್ನೂ ನಗುತ್ತ ಸಹಿಸುವ ಮೇಲಧಿಕಾರಿಯು ಮೃದುವಲ್ಲ, ಹೊಣೆಗೇಡಿ. ಅಂಥವನ ಕೆಳಗೆ ಪ್ರಾಮಾಣಿಕನಾದವನೂ ಕೆಡುತ್ತಾನೆ. ಪ್ರವಾಹ, ಮಹಾಮಾರಿಗಳ ಹೊತ್ತಿನಲ್ಲಿ ಹತ್ತು ಜನರ ಮಾತಿಗಿಂತ ಒಬ್ಬನ ಆಜ್ಞೆಯೇ ಲೇಸು. ಸಿಡುಬಿನ ಕೆಲಸದಲ್ಲಿ ಶಿಸ್ತು ಕಡಿಮೆಯಿರಲಿಲ್ಲ. ಹುಡುಕಿದೆನೆಂದು ಸುಳ್ಳು ಬರೆದವನು ಮರುಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದನು. ಭೇದವಿರುವುದು ಇಷ್ಟರಲ್ಲಿಯೇ: ಒಳ್ಳೆಯ ಮುಂದಾಳು ಸುಳ್ಳನ್ನು ದಂಡಿಸುತ್ತಾನೆ, ಕೆಟ್ಟ ಸುದ್ದಿಯನ್ನು ದಂಡಿಸುವುದಿಲ್ಲ. ಕೆಟ್ಟ ಮುಂದಾಳು ಕೆಟ್ಟ ಸುದ್ದಿಯನ್ನು ದಂಡಿಸಿ ತನಗರಿಯದೆಯೇ ಸುಳ್ಳನ್ನು ಸಾಕುತ್ತಾನೆ.

ಈ ಭೇದವನ್ನು ಅರಿತು ಕಟ್ಟಿದ ಒಂದು ಏರ್ಪಾಡನ್ನು ಹೇಳಿ ಮುಂದುವರಿಯುತ್ತೇವೆ. ಹೆರಿಗೆಯಲ್ಲಿ ತಾಯಿ ಸತ್ತರೆ ಮನೆಯೇ ಮುಳುಗಿದಂತೆ. ಅಂಥ ಸಾವಿನ ಕಾರಣವನ್ನು ತಿಳಿಯಹೊರಟರೆ ಡಾಕ್ಟರರೂ ದಾದಿಯರೂ ತಪ್ಪು ತಮ್ಮ ತಲೆಗೆ ಬಂದೀತೆಂದು ಬಾಯಿ ಬಿಡುವುದಿಲ್ಲ. ಆದುದರಿಂದ ಇಂಗ್ಲೆಂಡಿನಲ್ಲಿ 1952ರಿಂದಲೂ, ನಮ್ಮ ನೆರೆಯ ಕೇರಳದಲ್ಲಿ ಹೆರಿಗೆಯ ವೈದ್ಯರ ಸಂಘದವರು ಸೇರಿ 2004ರಿಂದಲೂ, ಒಂದು ಪದ್ಧತಿಯನ್ನು ನಡೆಸಿದ್ದಾರೆ. ಸತ್ತ ತಾಯಿಯ ಹೆಸರು, ಡಾಕ್ಟರ ಹೆಸರು, ಆಸ್ಪತ್ರೆಯ ಹೆಸರು ಎಲ್ಲವನ್ನೂ ಅಳಿಸಿ, ನಡೆದುದನ್ನು ಮಾತ್ರ ಅನುಭವಸ್ಥರು ಪರಿಶೀಲಿಸುವರು. ಯಾರನ್ನು ಹಿಡಿಯಬೇಕೆಂಬುದು ಅಲ್ಲಿಯ ಪ್ರಶ್ನೆಯಲ್ಲ. ಮುಂದಿನ ತಾಯಿಯನ್ನು ಹೇಗೆ ಉಳಿಸಬೇಕೆಂಬುದೇ ಪ್ರಶ್ನೆ. ಹೆರಿಗೆಯ ಬಳಿಕ ರಕ್ತಸ್ರಾವದಿಂದಲೇ ಬಹಳ ಮಂದಿ ಸಾಯುವರೆಂಬುದು ಕೇರಳದಲ್ಲಿ ಹೀಗೆ ಸ್ಪಷ್ಟವಾಗಿ, ಅದಕ್ಕೆ ತಕ್ಕ ಶಿಕ್ಷಣವನ್ನು ಡಾಕ್ಟರರಿಗೂ ದಾದಿಯರಿಗೂ ಕೊಡುವುದು ಸಾಧ್ಯವಾಯಿತು. ಭಯವನ್ನು ತೆಗೆದಲ್ಲಿ ಸತ್ಯ ಬಂತು. ಸತ್ಯದ ಹಿಂದೆ ಜೀವರಕ್ಷೆ ಬಂತು.

ಇದೆಲ್ಲ ಮಂತ್ರಿಗಳಿಗೂ ಅಧಿಕಾರಿಗಳಿಗೂ ಸಂಬಂಧಿಸಿದುದು, ಗೃಹಸ್ಥರಾದ ನಮಗೇನು ಎಂದು ವಾಚಕರು ಪುಟವನ್ನು ತಿರುವಬಾರದು. ಅಧಿಕಾರಿಯು ಅಂಕಿಯನ್ನೇ ಕೇಳುವಂತೆ ಮಾಡುವವರಲ್ಲಿ ನಾವೂ ಸೇರಿದ್ದೇವೆ. ನಮ್ಮ ಜಿಲ್ಲೆಯಲ್ಲಿ ಕಾಯಿಲೆ ಹೆಚ್ಚೆಂದು ಪತ್ರಿಕೆಯಲ್ಲಿ ಓದಿದೊಡನೆ ಅಲ್ಲಿಯ ಡಾಕ್ಟರನನ್ನು ಬಯ್ಯುತ್ತೇವೆ. ಕಾಯಿಲೆಯೇ ಇಲ್ಲವೆಂದು ಬರೆದ ಜಿಲ್ಲೆಯನ್ನು ಹೊಗಳುತ್ತೇವೆ. ಯಾರು ಚೆನ್ನಾಗಿ ಹುಡುಕಿದರು, ಯಾರು ಚೆನ್ನಾಗಿ ಮುಚ್ಚಿಟ್ಟರು ಎಂಬುದನ್ನು ವಿಚಾರಿಸುವುದಿಲ್ಲ.

ನಮ್ಮ ಕೈಗೆ ಎಟಕುವ ಕೆಲಸಗಳು ಕೆಲವುಂಟು. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಯೋಜನೆಯ ಮೇರೆಗೆ ಹಳ್ಳಿಗೊಂದು ಆರೋಗ್ಯ ನೈರ್ಮಲ್ಯ ಸಮಿತಿಯೂ, ಆರೋಗ್ಯ ಕೇಂದ್ರಕ್ಕೊಂದು ಆರೋಗ್ಯ ರಕ್ಷಾ ಸಮಿತಿಯೂ ಏರ್ಪಟ್ಟಿವೆ. ಅವುಗಳ ಸಭೆ ಎಂದು ಸೇರುವುದೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಅಲ್ಲಿಗೆ ಹೋಗಬೇಕು. ಹೋದಾಗ "ಎಷ್ಟು ಮಾಡಿದಿರಿ?" ಎಂದು ಕೇಳುವ ಬದಲು "ನಿಮಗೆ ಯಾವುದು ಅಡ್ಡಿಯಾಗಿದೆ?" ಎಂದು ಕೇಳಬೇಕು. ಬಾಗಿಲಿಗೆ ಬಂದ ನರ್ಸಮ್ಮನಿಗೂ ಆಶಾ ಕಾರ್ಯಕರ್ತೆಗೂ ಕುಳ್ಳಿರಲು ಒಂದು ಮಣೆ, ಕುಡಿಯಲು ನೀರು ಕೊಟ್ಟು, ಮನೆಯ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆಕೆಯಿಂದ ತಪ್ಪಾದಾಗ ಬೀದಿಯಲ್ಲಿ ನಿಲ್ಲಿಸಿ ಕೂಗಾಡದೆ, ತಪ್ಪಿಗೆ ಕಾರಣವನ್ನು ಸಮಿತಿಯಲ್ಲಿ ಕೇಳಬೇಕು. ದುಡಿದವಳಿಗೆ ಆಡಿದ ಒಂದು ಒಳ್ಳೆಯ ಮಾತು ಖರ್ಚಿಲ್ಲದ ಔಷಧ.

ಕೊನೆಗೆ, ನಾವು ಹೊರಟ ಬೀದಿಗೇ ಹಿಂದಿರುಗೋಣ. ಆ ಎರಡು ಮನೆಗಳಲ್ಲಿ ನಮ್ಮದು ಯಾವುದೆಂದು ಪ್ರತಿಯೊಬ್ಬ ಯಜಮಾನರೂ ಈ ರಾತ್ರಿ ಊಟವಾದ ಮೇಲೆ ತಮ್ಮಲ್ಲಿಯೇ ಕೇಳಿಕೊಳ್ಳಬಹುದು. ಮಕ್ಕಳು ತಮ್ಮ ತಪ್ಪನ್ನೂ ನೋವನ್ನೂ ನಮ್ಮೆದುರಿಗೆ ಅಂಜಿಕೆಯಿಲ್ಲದೆ ಹೇಳುವರೆ? ಹೇಳಿದರೆ ನಾವು ಮೊದಲು ಚಾಚುವುದು ಬೆತ್ತವನ್ನೋ, ಹಣೆಯನ್ನು ಮುಟ್ಟಿನೋಡುವ ಕೈಯನ್ನೋ? ಇಂದಿನ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳೇ ನಾಳೆ ಡಾಕ್ಟರರೂ ಅಧಿಕಾರಿಗಳೂ ಮಂತ್ರಿಗಳೂ ಆಗತಕ್ಕವರು. ಮನೆಯಲ್ಲಿ ಕಂಡ ಯಜಮಾನಿಕೆಯನ್ನೇ ಅವರು ಕಚೇರಿಗೂ ಒಯ್ಯುವರು.